ನನ್ನ ವಸಡಿನಲ್ಲೂ ರಕ್ತ ಬರುತ್ತಿತ್ತು

ನಾನು ದಂತವೈದ್ಯೆ. ಕೆಲಸ ಶುರುಮಾಡಿ ನಾಲ್ಕನೇ ವರ್ಷದಲ್ಲಿ ಒಂದು ರಾತ್ರಿ ಹಲ್ಲುಜ್ಜಿ ಉಗುಳಿದರೆ ನೊರೆ ಕೆಂಪಗಿತ್ತು. ಬೆಳಿಗ್ಗೆಯೂ ಹಾಗೇ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಿಂದ ರಕ್ತ ಒಸರುತ್ತಿತ್ತು. ನೋವು ಒಂಚೂರೂ ಇರಲಿಲ್ಲ. ದಿನಕ್ಕೆ ಎರಡು ಸಲ ಉಜ್ಜುತ್ತಿದ್ದೆ, ಒಂದು ದಿನವೂ ತಪ್ಪಿಸಿದವಳಲ್ಲ.

ಆಮೇಲೆ ಮೂರು ದಿನ ಆ ಜಾಗ ಬಿಟ್ಟು ಉಜ್ಜಿದೆ. ಗಾಯವಾಗಿದೆ, ಮುಟ್ಟುವುದು ಬೇಡ ಅಂತ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ನಾಲ್ಕನೇ ದಿನ ರಕ್ತ ಇನ್ನೂ ಜಾಸ್ತಿಯಾಯಿತು. ನನ್ನ ಹತ್ತಿರ ಬರುವ ಎಷ್ಟೋ ಜನ ಇದನ್ನೇ ಮಾಡಿಕೊಂಡು ಬಂದಿರುತ್ತಾರೆ. ರಕ್ತ ಬರುವ ಜಾಗ ಅಂದರೆ ಬ್ರಷ್ ತಲುಪದ ಜಾಗ, ಅಲ್ಲೇ ಹೆಚ್ಚು ಗಮನ ಕೊಡಿ ಅಂತ ಅವರಿಗೆ ಹೇಳುತ್ತಿದ್ದೆ. ಆ ಮಾತು ನನ್ನ ಬಾಯಿಗೂ ಅನ್ವಯಿಸುತ್ತದೆ ಅಂತ ಅವತ್ತು ಗೊತ್ತಾಯಿತು.

ಹಲ್ಲಿನ ಮೇಲೆ ಸದಾ ಒಂದು ಅಂಟು ಪದರ ಕೂರುತ್ತಲೇ ಇರುತ್ತದೆ. ಅದೇ ಪ್ಲಾಕ್. ಅದು ಬರೀ ಊಟದ ಚೂರಲ್ಲ, ಜೀವಂತ ಬ್ಯಾಕ್ಟೀರಿಯಾಗಳ ಗುಂಪು. ಬಾಯಿ ಮುಕ್ಕಳಿಸಿದರೆ ಹೋಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ವಸಡಿನ ಅಂಚಿನಲ್ಲಿ ಅದು ಉಳಿದರೆ ದೇಹ ಅದನ್ನು ಎದುರಿಸಲು ಅಲ್ಲಿಗೆ ಹೆಚ್ಚು ರಕ್ತ ಹರಿಸುತ್ತದೆ. ವಸಡು ಊದಿ ಕೆಂಪಾಗುತ್ತದೆ, ಸ್ವಲ್ಪ ಮುಟ್ಟಿದರೂ ರಕ್ತ ಬರುತ್ತದೆ. ಇದರಲ್ಲಿ ಬ್ರಷ್‌ದೇನೂ ತಪ್ಪಿಲ್ಲ.

1965ರಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಮತ್ತು ಅವರ ಜೊತೆಗಾರರು ಇದನ್ನು ನೇರವಾಗಿ ಪರೀಕ್ಷಿಸಿದರು. ಆರೋಗ್ಯವಾದ ವಸಡು ಇರುವ 12 ಜನ ಹಲ್ಲುಜ್ಜುವುದನ್ನೇ ನಿಲ್ಲಿಸಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರಕ್ಕೆ ಸರಿಹೋಯಿತು. ಓದುವಾಗ ಪರೀಕ್ಷೆಗೆ ಬೇಕು ಅಂತ ನೆನಪಿಟ್ಟುಕೊಂಡಿದ್ದೆ. ಈಗ ಅದು ಧೈರ್ಯ ಕೊಟ್ಟಿತು. ಈ ಹಂತದ ಊತ ಪೂರ್ತಿ ವಾಪಸ್ ಹೋಗುತ್ತದೆ. ಬಿಟ್ಟರೆ ಮಾತ್ರ ಕೆಲವರಲ್ಲಿ ಅದು ಒಳಗಿನ ಮೂಳೆಗೆ ಇಳಿಯುತ್ತದೆ. ಕರಗಿದ ಮೂಳೆ ಸುಮ್ನೆ ತಾನಾಗಿ ಬೆಳೆಯುವುದಿಲ್ಲ.

ಮೊದಲು ಬಣ್ಣದ ಮಾತ್ರೆ ತೆಗೆದುಕೊಂಡೆ. ಇದನ್ನು ಉಜ್ಜಿದ ಮೇಲೆ ಜಗಿಯಬೇಕು, ಪ್ಲಾಕ್ ಉಳಿದ ಕಡೆಯೆಲ್ಲಾ ಬಣ್ಣ ಹಿಡಿಯುತ್ತದೆ. ಮಕ್ಕಳಿಗೆ ತೋರಿಸಲು ಕ್ಲಿನಿಕ್ಕಿನಲ್ಲಿ ಇಟ್ಟಿದ್ದೆ. ಚೆನ್ನಾಗಿ ಎರಡು ನಿಮಿಷ ಉಜ್ಜಿ, ಜಗಿದು, ಕನ್ನಡಿ ಹಿಡಿದು ನೋಡಿದೆ. ಎಡಗಡೆ ಹೊರಬದಿ ಫಳಫಳ. ಬಲಗಡೆ ಕೋರೆಹಲ್ಲಿನ ಬುಡದಲ್ಲಿ ಗುಲಾಬಿ ಗೆರೆ. ಮೇಲಿನ ಕೊನೆಯ ದವಡೆ ಹಲ್ಲುಗಳ ಕೆನ್ನೆ ಬದಿ ಪೂರ್ತಿ ಬಣ್ಣ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿ ಇನ್ನೂ ಗಾಢ. ಹಲ್ಲುಸಂದಿಗಳಂತೂ ಒಂದೂ ಬಿಡದೆ ಕೆಂಪು.

ನಾನು ಬಲಗೈಯವಳು. ಎಡಗಡೆಯಿಂದ ಶುರುಮಾಡಿ, ಬ್ರಷ್ ಬಲಕ್ಕೆ ತಿರುಗಿಸುವ ಹೊತ್ತಿಗೆ ಕೋರೆಹಲ್ಲಿನ ತಿರುವಿನಲ್ಲಿ ಹಾರಿಸುತ್ತಿದ್ದೆ. ವರ್ಷಗಟ್ಟಲೆ ಅದೇ ದಾರಿ, ಅದೇ ತಪ್ಪು.

ಆವತ್ತಿನಿಂದ ಅತಿ ಕೆಂಪು ಜಾಗದಿಂದಲೇ ಶುರುಮಾಡಿದೆ. ಕೈಗೆ ಆಯಾಸವಿಲ್ಲದಾಗ, ಮನಸ್ಸು ಅಲ್ಲೇ ಇರುವಾಗ ಕಷ್ಟದ ಜಾಗ ಮುಗಿಯಲಿ ಅಂತ. ಮೆತ್ತನೆ ಬ್ರಷ್ ಹಿಡಿದು, ಕೂದಲು ಅರ್ಧ ಹಲ್ಲಿಗೆ ಅರ್ಧ ವಸಡಿನ ಅಂಚಿಗೆ ತಾಗುವಂತೆ ಸುಮಾರು 45 ಡಿಗ್ರಿ ಓರೆ ಮಾಡಿ, ಜಾಗ ಬಿಡದೆ ಸಣ್ಣಗೆ ಅಲುಗಿಸುವುದು. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ, ತುದಿಯಿಂದ ಒಂದೊಂದೇ ಹಲ್ಲು. ಮೇಲಿನ ಕೊನೆಯ ಹಲ್ಲಿಗೆ ಬಾಯಿ ದೊಡ್ಡದಾಗಿ ತೆರೆಯಬಾರದು. ತೆರೆದರೆ ದವಡೆ ಮೂಳೆ ಅಡ್ಡ ಬಂದು ಬ್ರಷ್‌ಗೆ ಜಾಗವೇ ಇರುವುದಿಲ್ಲ. ಅರ್ಧ ಮುಚ್ಚಿ ನೋಡಿ, ಸಲೀಸಾಗಿ ಹೋಗುತ್ತದೆ.

ಸಂದಿಗಳಿಗೆ ಬೇರೆ ಉಪಾಯ ಬೇಕಾಯಿತು. ಹಲ್ಲಿಗೆ ಐದು ಮುಖ. ಹೊರಗೆ, ಒಳಗೆ, ಜಗಿಯುವ ಮೇಲ್ಭಾಗ: ಬ್ರಷ್ ಇಷ್ಟನ್ನೇ ಮುಟ್ಟುತ್ತದೆ. ಪಕ್ಕದ ಹಲ್ಲಿಗೆ ತಾಗುವ ಎರಡು ಮುಖ ಹಾಗೇ ಉಳಿಯುತ್ತವೆ. ಫ್ಲಾಸ್ ದಾರ ಹಾಕಲು ನನಗೆ ಬೇಜಾರು, ಎರಡು ದಿನ ಮಾಡಿ ಬಿಡುತ್ತಿದ್ದೆ. ಅದಕ್ಕೇ ಸಂದಿಗೆ ತೂರಿಸುವ ಪುಟ್ಟ ಬ್ರಷ್ ಹಿಡಿದೆ. ಅಳತೆ ಸರಿಯಿರಬೇಕು: ಸ್ವಲ್ಪ ಬಿಗಿಯಾಗಿ ಹೋಗಬೇಕು, ಒತ್ತಿ ತುರುಕಬಾರದು. ನನಗೆ ಹಿಂದಿನ ಹಲ್ಲಿಗೆ ಒಂದು, ಮುಂದಿನದಕ್ಕೆ ಇನ್ನೂ ಸಣ್ಣದು, ಹೀಗೆ ಎರಡು ಅಳತೆ ಬೇಕಾದವು. ತೀರಾ ಇಕ್ಕಟ್ಟಾದ ಎರಡು ಸಂದಿಗೆ ಮಾತ್ರ ದಾರವೇ ಗತಿ.

ಮೊದಲ ನಾಲ್ಕು ದಿನ ಪ್ರತಿ ಸಂದಿಯಲ್ಲೂ ರಕ್ತ. ಹೆದರಿ ಬಿಡುವವರೆಲ್ಲಾ ಇಲ್ಲೇ ಬಿಡುವುದು. ಒಂದು ವಾರಕ್ಕೆ ಕಡಿಮೆಯಾಯಿತು, ಹತ್ತನೇ ದಿನ ಹೆಚ್ಚಿನ ಕಡೆ ನಿಂತಿತು. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಮಾತ್ರ ನಿಲ್ಲಲಿಲ್ಲ. ಅಲ್ಲಿ ನಾಲಿಗೆ ಕೆಳಗೆ ಜೊಲ್ಲಿನ ನಾಳ ತೆರೆಯುತ್ತದೆ. ಜೊಲ್ಲಿನ ಖನಿಜ ಸೇರಿ ಪ್ಲಾಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಈ ಗಾರೆ ಒಮ್ಮೆ ಕೂತರೆ ಯಾವ ಬ್ರಷ್‌ಗೂ ಬಗ್ಗುವುದಿಲ್ಲ. ಜೊತೆ ಕೆಲಸ ಮಾಡುವ ಗೆಳತಿಯ ಮುಂದೆ ಬಾಯಿ ತೆರೆದು ಸ್ಕೇಲಿಂಗ್, ಅಂದರೆ ಗಾರೆ ಕೆರೆದು ತೆಗೆಯುವುದು, ಮಾಡಿಸಿಕೊಂಡೆ.

ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದಿ ಬೀಳುತ್ತದೆ ಅಂತ ಎಷ್ಟು ಜನ ಹೇಳಿದ್ದಾರೋ! ಆವತ್ತು ನನಗೂ ಹಾಗೇ ಅನಿಸಿತು. ನಾಲಿಗೆಗೆ ಸಂದಿ ತಗಲುತ್ತಿತ್ತು, ತಣ್ಣೀರು ಜುಮ್ ಅನ್ನುತ್ತಿತ್ತು. ಆದರೆ ಸಂದಿ ಮೊದಲೇ ಇತ್ತು, ಗಾರೆ ಅದನ್ನು ತುಂಬಿತ್ತು ಅಷ್ಟೆ. ಊತ ಇಳಿದು ವಸಡು ತನ್ನ ಜಾಗಕ್ಕೆ ಹೋದಾಗ ಅದು ಕಾಣುತ್ತದೆ. ಜುಮ್ ಅನ್ನುವುದು ಕೆಲವು ದಿನಕ್ಕೆ ತಾನಾಗಿ ಕಡಿಮೆಯಾಯಿತು.

ಎಡಗಡೆಯ ಮೇಲಿನ ಕೋರೆಹಲ್ಲಿನ ಜುಮ್ ಮಾತ್ರ ಹೋಗಲಿಲ್ಲ. ಅದಕ್ಕೆ ಕಾರಣ ಬೇರೆ. ಫಳಫಳ ಅಂದೆನಲ್ಲ, ಆ ಎಡಗಡೆಯನ್ನು ನಾನು ಒತ್ತಿ ಒತ್ತಿ ಉಜ್ಜುತ್ತಿದ್ದೆ. ಬುಡದಲ್ಲಿ ಸಣ್ಣ ತಗ್ಗಾಗಿತ್ತು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ಕೆಳಗಿನ ಪದರದಲ್ಲಿ ಕಣ್ಣಿಗೆ ಕಾಣದ ಕೊಳವೆಗಳಿವೆ, ಅದರೊಳಗೆ ದ್ರವ. ತಣ್ಣಗಿನದು ತಾಗಿದರೆ ಆ ದ್ರವ ಅಲುಗುತ್ತದೆ, ನರಕ್ಕೆ ತಿಳಿಯುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಶುರುಮಾಡಿದೆ. ಅದು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕೇ ದಿನಕ್ಕೆ ಏನೂ ಆಗಲಿಲ್ಲ ಅಂತ ಬಿಡಬೇಡಿ. ನನಗೆ ಮೂರನೇ ವಾರ ಫರಕು ಕಂಡಿತು. ಜೊತೆಗೆ ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯುವುದು ಬಿಟ್ಟು ಪೆನ್ನಿನಂತೆ ಬೆರಳಲ್ಲಿ ಹಿಡಿದೆ. ಒತ್ತಡ ತಾನೇ ಕಡಿಮೆಯಾಯಿತು. ಎನಾಮೆಲ್ ಸವೆದರೆ ಮತ್ತೆ ಬೆಳೆಯುವುದಿಲ್ಲ, ಆ ತಗ್ಗು ಇವತ್ತಿಗೂ ಇದೆ.

ಇನ್ನೊಂದು ಬದಲಾವಣೆ ಚಿಕ್ಕದು. ಉಜ್ಜಿದ ಮೇಲೆ ನೊರೆ ಉಗುಳುತ್ತೇನೆ, ನೀರು ಹಾಕಿ ತೊಳೆಯುವುದಿಲ್ಲ. ಪೇಸ್ಟಿನಲ್ಲಿರುವ, ಹುಳುಕು ತಡೆಯುವ ಫ್ಲೋರೈಡ್ ಹಲ್ಲಿನ ಮೇಲೆ ಉಳಿದರೆ ತಾನೇ ಕೆಲಸ ಮಾಡುವುದು? 1000ದಿಂದ 1500 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಫ್ಲೋರೈಡ್ ಇರುವ ಪೇಸ್ಟ್ ಸಾಕು. ರಾತ್ರಿಯದಂತೂ ಮುಖ್ಯ, ನಿದ್ದೆಯಲ್ಲಿ ಜೊಲ್ಲು ತುಂಬಾ ಕಡಿಮೆ ಬರುತ್ತದೆ.

ನನ್ನ ಬಾಯಿಯ ಈ ನಕ್ಷೆ ನೋಡಿದ ಮೇಲೆ ಬೇರೆಯವರಿಗೆ ಹೇಳುವ ರೀತಿಯೂ ಬದಲಾಯಿತು. ಚೆನ್ನಾಗಿ ಉಜ್ಜಿ ಅಂತ ಹೇಳುವುದಿಲ್ಲ. ಬಣ್ಣ ಹಾಕಿ, ಕನ್ನಡಿ ಕೊಟ್ಟು, ಎಲ್ಲಿ ತಪ್ಪುತ್ತಿದೆ ಅಂತ ಅವರೇ ನೋಡಲಿ ಅಂತ ಬಿಡುತ್ತೇನೆ. ಬಾಯಿ ವಾಸನೆ ಅಂತ ಬರುವವರಿಗೂ ಅದೇ. ಹೆಚ್ಚಿನ ಸಲ ವಾಸನೆ ಹೊಟ್ಟೆಯಿಂದ ಬರುವುದಲ್ಲ, ನಾಲಿಗೆಯ ಹಿಂಭಾಗದಿಂದ, ವಸಡಿನಿಂದ, ಸಂದಿಗಳಿಂದ.

ಮಕ್ಕಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಸುಮಾರು ಆರು ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಒಂದು ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ, ಗೊತ್ತಾದರೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಪೂರ್ತಿ ಮೇಲೇಳುವ ತನಕ ತಗ್ಗಿನಲ್ಲಿರುತ್ತದೆ, ಬ್ರಷ್ ಮೇಲಿಂದಲೇ ಜಾರಿ ಹೋಗುತ್ತದೆ. ಬ್ರಷ್ಷನ್ನು ಕೆನ್ನೆ ಕಡೆಯಿಂದ ಅಡ್ಡಡ್ಡ ತೂರಿಸಿ ಆ ಒಂದು ಹಲ್ಲನ್ನು ನೀವೇ ಉಜ್ಜಿ. ಎಂಟು ವರ್ಷದ ಮಗುವಿನ ಆ ಹಲ್ಲು ಹುಳುಕಾಗಿ ಕೀಳಬೇಕಾದಾಗ ಆಗುವ ಸಂಕಟ ಎಷ್ಟು ವರ್ಷವಾದರೂ ನನಗೆ ಅಭ್ಯಾಸವಾಗಿಲ್ಲ.

ಮನೆಯಲ್ಲಿ ಎಲ್ಲವೂ ಸರಿಹೋಗುವುದಿಲ್ಲ. ಎರಡು ವಾರ ಸರಿಯಾಗಿ ಉಜ್ಜಿದರೂ ರಕ್ತ ನಿಲ್ಲದಿದ್ದರೆ ತೋರಿಸಿ. ಸಕ್ಕರೆ ಕಾಯಿಲೆ, ಬಸಿರು, ರಕ್ತ ತೆಳು ಮಾಡುವ ಮಾತ್ರೆ, ಇವಿದ್ದರೆ ವೈದ್ಯರಿಗೆ ಹೇಳಿ. ಸಿಗರೇಟ್ ಸೇದುವವರಲ್ಲಿ ರಕ್ತ ಕಡಿಮೆ ಬರುತ್ತದೆ, ವಸಡು ಚೆನ್ನಾಗಿದೆ ಅಂತ ಅರ್ಥವಲ್ಲ. ವಾರಗಟ್ಟಲೆ ಕಾಡಿದ ಹಲ್ಲುನೋವು ಒಂದು ದಿನ ಥಟ್ಟನೆ ನಿಂತರೆ ಗುಣವಾಯಿತು ಅಂದುಕೊಳ್ಳಬೇಡಿ, ಒಳಗಿನ ನರ ಸತ್ತಿರಬಹುದು. ಎರಡು ವಾರ ದಾಟಿದ ಹುಣ್ಣನ್ನು ನೋವಿಲ್ಲದಿದ್ದರೂ ತೋರಿಸಲೇಬೇಕು.

ಈಗಲೂ ಮೂರು ನಾಲ್ಕು ತಿಂಗಳಿಗೊಮ್ಮೆ ಬಣ್ಣದ ಮಾತ್ರೆ ಜಗಿಯುತ್ತೇನೆ. ಹೋದ ಸಲ ಕೆಳಗಿನ ಮುಂದಿನ ಹಲ್ಲುಗಳ ಒಳಬದಿ ಬಿಳಿಯಾಗಿತ್ತು. ಬಲಗಡೆಯ ಮೇಲಿನ ಕೊನೆಯ ಹಲ್ಲಿನ ಹಿಂದೆ ಇನ್ನೂ ಒಂದು ಚುಕ್ಕೆ ಕೆಂಪಗಿದೆ. ಅದಕ್ಕೆ ಈಗ ಒಂದೇ ಗೊಂಚಲು ಕೂದಲಿರುವ ಚೂಪು ಬ್ರಷ್ ಬಳಸಿ ನೋಡುತ್ತಿದ್ದೇನೆ.