ವಿಮಾನ ಪ್ರಯಾಣದಲ್ಲಿ ಫಿಲ್ಮ್ ರೋಲ್‌ಗಳನ್ನು ಎಕ್ಸ್-ರೇಯಿಂದ ಕಾಪಾಡಿಕೊಳ್ಳುವ ಬಗೆ

ಡೆವಲಪ್ ಮಾಡಿಸದ ಫಿಲ್ಮನ್ನು, ಅದು ಹೊಸ ರೋಲ್ ಆಗಿರಲಿ, ಚಿತ್ರ ತೆಗೆದು ಮುಗಿದದ್ದಾಗಿರಲಿ, ಚೆಕ್-ಇನ್ ಲಗೇಜಿನಲ್ಲಿ ಎಂದೂ ಇಡಬಾರದು. ಆ ಲಗೇಜನ್ನು ಪರೀಕ್ಷಿಸುವ ಸ್ಕ್ಯಾನರ್‌ಗಳ ಎಕ್ಸ್-ರೇ ಬಹಳ ಪ್ರಬಲವಾಗಿದ್ದು, ಒಮ್ಮೆ ಹಾಯ್ದರೂ ಫಿಲ್ಮಿಗೆ ಮಬ್ಬು ಕವಿಯಬಹುದು, ನೆಗೆಟಿವ್‌ನಲ್ಲಿ ಅಲೆಯಂಥ ಪಟ್ಟೆಗಳು ಮೂಡಬಹುದು. ಡೆವಲಪ್ ಆದ ನೆಗೆಟಿವ್‌ಗೆ ಈ ಭಯವಿಲ್ಲ.

ಕೈಚೀಲದಲ್ಲಿಟ್ಟರೆ ಸಾಲದು, ಮುಂದಿರುವ ಯಂತ್ರ ಯಾವುದೆಂದು ಗಮನಿಸಬೇಕು. ಲ್ಯಾಪ್‌ಟಾಪ್ ಹೊರತೆಗೆದು ಟ್ರೇಯಲ್ಲಿಡಲು ಹೇಳುತ್ತಿದ್ದರೆ ಅದು ಬಹುತೇಕ ಹಳೆಯ ಬಗೆಯದು. ಫಿಲ್ಮಿನ ವೇಗವನ್ನು, ಅಂದರೆ ಬೆಳಕಿಗೆ ಅದು ಸ್ಪಂದಿಸುವ ಸೂಕ್ಷ್ಮತೆಯನ್ನು, ಐಎಸ್‌ಒ ಅಂಕಿ ಹೇಳುತ್ತದೆ. ಐಎಸ್‌ಒ 400ರ ಫಿಲ್ಮ್ ಆ ಯಂತ್ರದಲ್ಲಿ ಒಂದೆರಡು ಬಾರಿ ಹಾಯ್ದರೆ ಸಾಮಾನ್ಯವಾಗಿ ತೊಂದರೆ ಕಾಣಿಸದು. ಆದರೆ ಪರಿಣಾಮ ಒಂದರ ಮೇಲೊಂದು ಸೇರುತ್ತ ಹೋಗುವುದರಿಂದ, ದುಬೈ ಮಾರ್ಗವಾಗಿ ಲಂಡನ್‌ಗೆ ಹೋಗಿ ಬರುವವರು ದಾರಿಯುದ್ದದ ತಪಾಸಣೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕು. ಐಎಸ್‌ಒ 800 ಹಾಗೂ ಅದಕ್ಕಿಂತ ವೇಗದ ಫಿಲ್ಮನ್ನು ಇದರಲ್ಲಿಯೂ ಹಾಯಿಸದಿರುವುದೇ ಲೇಸು. ತಕ್ಷಣವೇ ಚಿತ್ರ ಕೊಡುವ ಇನ್ಸ್ಟ್ಯಾಕ್ಸ್ ಕ್ಯಾಮೆರಾದ ಫಿಲ್ಮ್ ಪ್ಯಾಕ್ ಐಎಸ್‌ಒ 800 ಎಂಬುದನ್ನು ಹಲವರು ಗಮನಿಸಿರುವುದಿಲ್ಲ.

ಲ್ಯಾಪ್‌ಟಾಪ್ ಚೀಲದಲ್ಲೇ ಇರಲಿ ಎಂದರೆ ಸಿಟಿ ಸ್ಕ್ಯಾನರ್ ಎಂದು ಭಾವಿಸುವುದು ಕ್ಷೇಮ. ಇದರ ಕವಚ ದಪ್ಪಗೆ, ದುಂಡಗೆ ಇರುತ್ತದೆ. ಒಳಗೆ ಎಕ್ಸ್-ರೇ ಚೀಲದ ಸುತ್ತಲೂ ಹಾಯ್ದು ನಾನಾ ಕೋನಗಳಿಂದ ಚಿತ್ರ ತೆಗೆಯುವುದರಿಂದ ಫಿಲ್ಮಿಗೆ ತಗಲುವ ಪ್ರಮಾಣ ಬಹಳ ಹೆಚ್ಚು. ಯಾವ ವೇಗದ ಫಿಲ್ಮನ್ನೂ ಇದರಲ್ಲಿ ಹಾಯಿಸಬೇಡಿ ಎಂಬುದು ಫಿಲ್ಮ್ ತಯಾರಿಸುವ ಕೊಡಾಕ್ ಮತ್ತು ಇಲ್ಫರ್ಡ್ ಎರಡರ ಸಲಹೆ.

ಆದ್ದರಿಂದ ಕೈಯಲ್ಲೇ ಪರೀಕ್ಷಿಸುವಂತೆ ಕೇಳಬೇಕು. ರೋಲ್‌ಗಳನ್ನು ರಟ್ಟಿನ ಪೆಟ್ಟಿಗೆ, ಕಪ್ಪು ಡಬ್ಬಿಗಳಿಂದ ತೆಗೆದು ಪಾರದರ್ಶಕ ಜಿಪ್ ಚೀಲದಲ್ಲಿಟ್ಟು, ಇಲ್ಫರ್ಡ್‌ನ ಡೆಲ್ಟಾ 3200ರಂಥ ಅತಿ ವೇಗದ ರೋಲ್ ಇದ್ದರೆ ಅದರ ಅಂಕಿ ಕಾಣುವಂತೆ ಮೇಲಿಡಿ. ಟ್ರೇ ಬೆಲ್ಟಿನ ಮೇಲೇರುವ ಮೊದಲೇ, "ಇದು ಡೆವಲಪ್ ಆಗದ ಫಿಲ್ಮ್, ಎಕ್ಸ್-ರೇ ತಾಗಿದರೆ ಹಾಳಾಗುತ್ತದೆ, ದಯವಿಟ್ಟು ಕೈಯಲ್ಲೇ ನೋಡಿ" ಎಂದು ವಿನಂತಿಸಿ. ಅಮೆರಿಕದಲ್ಲಿ ವಿಮಾನ ನಿಲ್ದಾಣಗಳ ತಪಾಸಣೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಟಿಎಸ್‌ಎ ಇದಕ್ಕೆ ಸ್ಪಷ್ಟ ಅವಕಾಶ ಕೊಟ್ಟಿದೆ. ನಮ್ಮಲ್ಲಿ ಎದುರಿಗಿರುವ ಸಿಐಎಸ್‌ಎಫ್ ಸಿಬ್ಬಂದಿಯ ವಿವೇಚನೆಯೇ ಕೊನೆಯ ಮಾತು. ಅವರಲ್ಲಿ ಕೆಲವರು ಫಿಲ್ಮ್ ರೋಲನ್ನು ಹಿಂದೆಂದೂ ಕೈಯಲ್ಲಿ ಹಿಡಿದಿರಲಿಕ್ಕಿಲ್ಲ. ಸ್ವಲ್ಪ ಬೇಗ ಹೋಗಿ, ತಾಳ್ಮೆಯಿಂದ ವಿವರಿಸುವುದು ಒಳ್ಳೆಯದು.

ಕ್ಯಾಮೆರಾದೊಳಗೆ ಅರ್ಧ ಮುಗಿದ ರೋಲ್ ಬಿಟ್ಟುಕೊಂಡು ಹೋಗಬೇಡಿ. ಹಿಂಬದಿಯ ಮುಚ್ಚಳ ತೆರೆದು ತೋರಿಸಿ ಎಂದರೆ ಎಕ್ಸ್-ರೇ ಮಾಡಬಹುದಾದ ಹಾನಿಯನ್ನು ಬೆಳಕೇ ಮಾಡಿಬಿಡುತ್ತದೆ.

ಸೀಸದ ಲೇಪನವಿರುವ ಚೀಲಗಳನ್ನು ನಾನು ಶಿಫಾರಸು ಮಾಡುವುದಿಲ್ಲ: ಪರದೆಯ ಮೇಲೆ ಕರಿಯ ತುಂಡೊಂದು ಕಂಡರೆ ಸಿಬ್ಬಂದಿ ಅದನ್ನು ಹೊರತೆಗೆಸಿ ಮತ್ತೆ ಯಂತ್ರಕ್ಕೆ ಹಾಕಿಸಬಹುದು. ಸಿಟಿ ಯಂತ್ರ ತಪ್ಪಿಸಲಾಗದ ಪ್ರಯಾಣವಾದರೆ, ತಲುಪಿದ ಊರಿನಲ್ಲೇ ಫಿಲ್ಮ್ ಕೊಂಡು, ಅಲ್ಲಿಯೇ ಡೆವಲಪ್ ಮಾಡಿಸಿ ನೆಗೆಟಿವ್ ತರುವುದು ಸುರಕ್ಷಿತ. ಕೊರಿಯರ್‌ನಲ್ಲಿ ಕಳಿಸಿದರೂ ಪ್ರಯೋಜನವಿಲ್ಲ, ಪಾರ್ಸೆಲ್‌ಗಳಿಗೂ ಎಕ್ಸ್-ರೇ ತಪಾಸಣೆ ನಡೆಯುತ್ತದೆ.