ಶೇಂಗಾ ಡಬ್ಬಿಯಿಂದ ಪುಂಡಿಪಲ್ಲೆಯವರೆಗೆ: ಡಿಎನ್‌ಎಗೆ ಬೀಳುವ ಪೆಟ್ಟು ತಗ್ಗಿಸುವ ಅಡುಗೆ

ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಡಿಎನ್‌ಎಗೆ ದಿನಕ್ಕೆ ಸಾವಿರಾರು ಸಣ್ಣ ಪೆಟ್ಟು ಬೀಳುತ್ತವೆ. ಬಿಸಿಲು, ಒಲೆಯ ಹೊಗೆ, ತಂಬಾಕು, ಬೂಷ್ಟು ಹಿಡಿದ ಕಾಳು ಮಾತ್ರವಲ್ಲ, ಜೀವಕೋಶ ಆಮ್ಲಜನಕ ಬಳಸುವುದೂ ಇದಕ್ಕೆ ಕಾರಣ. ಹೆಚ್ಚಿನದನ್ನು ಜೀವಕೋಶವೇ ರಿಪೇರಿ ಮಾಡಿಕೊಳ್ಳುತ್ತದೆ. ಆ ರಿಪೇರಿ ನಡೆಯುವ ಬಗೆಯನ್ನು ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ರಿಪೇರಿಯಾಗದೆ ಉಳಿದದ್ದು ಮುಂದೆ ಕ್ಯಾನ್ಸರಿಗೆ ದಾರಿಯಾಗಬಹುದು. ಅಡುಗೆಮನೆಯಿಂದ ಎರಡು ಕೆಲಸ ಆಗುತ್ತವೆ: ಪೆಟ್ಟು ಕೊಡುವ ವಿಷವನ್ನು ಹೊರಗೇ ತಡೆಯುವುದು, ರಿಪೇರಿಗೆ ಬೇಕಾದ ಸಾಮಾನು ಒದಗಿಸುವುದು. ಬಂದಿರುವ ಕ್ಯಾನ್ಸರನ್ನು ಯಾವ ಸೊಪ್ಪೂ ವಾಸಿ ಮಾಡುವುದಿಲ್ಲ. ಗುಟ್ಕಾ ಜಗಿಯುತ್ತಲೇ ಪಲ್ಲೆ ತಿಂದರೂ ಲಾಭ ಕಡಿಮೆ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಸೊಪ್ಪಿಗಿಂತ ಮೊದಲು ಶೇಂಗಾ ಡಬ್ಬಿ ತೆಗೆದು ನೋಡಬೇಕು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಯಕೃತ್ತಿಗೆ ಹೋದಾಗ ಅಲ್ಲಿನ ಕಿಣ್ವಗಳೇ ಅದನ್ನು ಇನ್ನೂ ಚುರುಕಾದ ರೂಪಕ್ಕೆ ತಿರುಗಿಸುತ್ತವೆ. ಆ ರೂಪ ಡಿಎನ್‌ಎಯ ಬಿಡಿ ಘಟಕಗಳಲ್ಲಿ ಒಂದಾದ ಗ್ವಾನೈನ್‌ಗೆ ಅಂಟಿಕೊಳ್ಳುತ್ತದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎಂದು ಗುರುತಿಸಿರುವ ವಸ್ತುಗಳಲ್ಲಿ ಇದೂ ಒಂದು. ಹೆಪಟೈಟಿಸ್ ಬಿ ಇದ್ದವರಿಗಂತೂ ಅಪಾಯ ಹಲವು ಪಟ್ಟು, ಆದ್ದರಿಂದ ಆ ಲಸಿಕೆ ತಪ್ಪಿಸಬಾರದು.

ಮಳೆಯಾಶ್ರಿತ ಹೊಲದಲ್ಲಿ ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟರೆ ನೆಲದೊಳಗೇ ಸೋಂಕು ತಗಲುತ್ತದೆ. ಕಿತ್ತ ಮೇಲೆ ಸರಿಯಾಗಿ ಒಣಗಿಸದಿದ್ದರೆ ಅದು ಬೆಳೆಯುತ್ತದೆ. ಕಾಳಿನ ತೇವ ಶೇ 7–8ಕ್ಕೆ ಇಳಿಯಬೇಕು. ಕಾಯಿ ಅಲುಗಿಸಿದರೆ ಒಳಗೆ ಗಲಗಲ ಅನ್ನಬೇಕು, ಕಾಳು ಉಜ್ಜಿದರೆ ಸಿಪ್ಪೆ ಸಲೀಸಾಗಿ ಬಿಡಬೇಕು, ಕಚ್ಚಿದರೆ ಪಟ್ಟನೆ ಮುರಿಯಬೇಕು. ಸುಲಿಯಲು ಸುಲಭವಾಗಲೆಂದು ಕಾಯಿಗೆ ನೀರು ಚಿಮುಕಿಸುವ ರೂಢಿ ಬಹಳ ಕಡೆ ಇದೆ. ಒಣಗಿದ ಕಾಳಿಗೆ ಮತ್ತೆ ತೇವ ಕೊಟ್ಟು ಬೂಷ್ಟನ್ನು ಕರೆದಂತೆ ಅದು. ತಿನ್ನುವ ಶೇಂಗಾಕ್ಕೆ ಬೇಡವೇ ಬೇಡ. ಚೀಲವನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಟ್ಟು, ತಿಂಗಳಿಗೆ ಬೇಕಾದಷ್ಟೇ ಸುಲಿದು ಬಿಗಿ ಡಬ್ಬಿಯಲ್ಲಿಡಿ.

ಆರಿಸುವಾಗ ಹಗಲು ಬೆಳಕಿನಲ್ಲಿ ಬಿಳಿ ಬಟ್ಟೆ ಹಾಸಿ, ಒಮ್ಮೆಗೆ ಅರ್ಧ ಕಿಲೋದಷ್ಟೇ ಹರಡಿ. ಸುಕ್ಕುಗಟ್ಟಿದ, ಮುರುಟಿದ, ಕಪ್ಪು ಕಲೆ ಬಿದ್ದ, ಹುಳು ಕೊರೆದ, ಮೊಳಕೆಯೊಡೆದ ಕಾಳು ತೆಗೆಯಿರಿ. ಹಳದಿ-ಹಸಿರು ಪುಡಿ ಕಂಡರೆ ಆ ಕಾಳಿನ ಜೊತೆಗೆ ಅಕ್ಕಪಕ್ಕದವನ್ನೂ ತೆಗೆಯಿರಿ. ಹೊರಗೆ ಚೆಂದ ಕಾಣುವ ಹತ್ತಾರು ಕಾಳನ್ನು ಎರಡು ಹೋಳು ಮಾಡಿ ನೋಡಿ: ಹೋಳುಗಳ ನಡುವಿನ ಸಂದಿಯಲ್ಲಿ ಬೂದು ನವಿರು ಇದ್ದರೆ ಆ ಚೀಲವನ್ನೇ ನಂಬಬೇಡಿ. ತಿನ್ನುವಾಗ ಕಹಿಯಾದರೆ ನುಂಗದೆ ಉಗುಳಿ. ಹುರಿದರೆ ಶಿಲೀಂಧ್ರ ಸಾಯುತ್ತದೆ, ವಿಷ ಒಂದಷ್ಟು ತಗ್ಗಿದರೂ ಪೂರ್ತಿ ಹೋಗುವುದಿಲ್ಲ, ತೊಳೆದರೂ ಹೋಗುವುದಿಲ್ಲ. ಆರಿಸಿ ಉಳಿದ ಕಳಪೆ ಕಾಳನ್ನು ಶೇಂಗಾ ಹಿಂಡಿಗೆ ಕುಟ್ಟುವುದು ದೊಡ್ಡ ತಪ್ಪು, ಖಾರ ಮತ್ತು ಬಳ್ಳೊಳ್ಳಿಯ ಘಾಟಿನಲ್ಲಿ ಕಹಿ ಮುಚ್ಚಿಹೋಗುತ್ತದೆ. ದನಕ್ಕೂ ಹಾಕಬೇಡಿ, ವಿಷದ ಒಂದು ರೂಪ ಹಾಲಿಗೆ ಬರುತ್ತದೆ. ಗುಂಡಿ ತೋಡಿ ಹೂಳಿ. ನೆಲದ ಮೇಲೆ ಒಣಗಿಸಿದ ಒಣ ಮೆಣಸಿನಕಾಯಿಗೂ ಇದೇ ಕಣ್ಣು ಬೇಕು.

ಇನ್ನು ರಿಪೇರಿಯ ಸಾಮಾನು. ಅದರಲ್ಲಿ ಮುಖ್ಯವಾದದ್ದು ಫೋಲೇಟ್ ಎಂಬ ಬಿ ವಿಟಮಿನ್. ಅದು ಕಡಿಮೆಯಾದರೆ ಜೀವಕೋಶ ಡಿಎನ್‌ಎಯಲ್ಲಿ ಥೈಮಿನ್ ಎಂಬ ಘಟಕ ಇರಬೇಕಾದ ಜಾಗದಲ್ಲಿ ಯುರಾಸಿಲ್ ಎಂಬ ಬೇರೆ ಘಟಕ ಸೇರಿಸಿಬಿಡುತ್ತದೆ. ಅದನ್ನು ಕತ್ತರಿಸಿ ತೆಗೆಯುವಾಗ ಎರಡೂ ಎಳೆಗಳಲ್ಲಿ ಹತ್ತಿರ ಹತ್ತಿರ ಕತ್ತರಿ ಬಿದ್ದರೆ ಡಿಎನ್‌ಎ ಸುತ್ತಿಕೊಂಡಿರುವ ಕ್ರೋಮೋಸೋಮೇ ಮುರಿಯುತ್ತದೆ. ಫೋಲೇಟ್ ಸೊಪ್ಪುಗಳಲ್ಲಿ, ಕಡಲೆ, ಹೆಸರು, ಅಲಸಂದಿಯಲ್ಲಿ ಚೆನ್ನಾಗಿದೆ, ಆದರೆ ನೀರಿಗೆ ಇಳಿದುಹೋಗುತ್ತದೆ, ಹೆಚ್ಚು ಹೊತ್ತು ಕುದಿಸಿದರೆ ಕೆಡುತ್ತದೆ. ಪುಂಡಿ ಸೊಪ್ಪಿನ ಹುಳಿ ತಗ್ಗಿಸಲು ಕುದಿಸಿ ನೀರು ಬಸಿದು ಚೆಲ್ಲಿದರೆ ಫೋಲೇಟೂ ಚರಂಡಿ ಸೇರುತ್ತದೆ. ಹುಳಿ ಹೆಚ್ಚೆನಿಸಿದರೆ ಅರ್ಧ ಪುಂಡಿ, ಅರ್ಧ ರಾಜಗಿರಿ ಸೇರಿಸಿ.

ನಾಲ್ಕು ಜನಕ್ಕೆ ಒಂದು ಹಿಡಿ ತೊಗರಿ ಬೇಳೆ, ಒಂದು ಹಿಡಿ ಜೋಳದ ನುಚ್ಚನ್ನು ಮೂರು ಲೋಟ ನೀರಿನಲ್ಲಿ ಮೊದಲು ಮೆತ್ತಗೆ ಬೇಯಿಸಿ. ಪುಂಡಿ, ರಾಜಗಿರಿ ಎರಡೂ ಸೇರಿ 250 ಗ್ರಾಂ ಸೊಪ್ಪನ್ನು ಇಡಿಯಾಗಿ ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ಸಾರ ಹೋಗುತ್ತದೆ. ಬೆಂದ ಬೇಳೆಗೆ ಹಾಕಿ, ಮುಚ್ಚಿ 8–10 ನಿಮಿಷ ಬೇಯಿಸಿ ಮಸೆಯಿರಿ, ನೀರು ಬಸಿಯಬೇಡಿ. ಸೋಡಾ ಹಾಕಿದರೆ ಬಣ್ಣ ಉಳಿಯುತ್ತದೆ, ವಿಟಮಿನ್ ಸಿ ಹಾಳಾಗುತ್ತದೆ. ಪುಂಡಿ ಬಣ್ಣಗೆಡುವುದು ಅದರ ಹುಳಿಯಿಂದಲೇ, ಅದಕ್ಕೆ ಚಿಂತೆ ಬೇಡ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಿನ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ ಈ ಸೊಪ್ಪುಗಳನ್ನು ಮಿತಗೊಳಿಸಲಿ. ಫೋಲೇಟಿನ ಕೆಲಸಕ್ಕೆ ಬಿ12 ಜೊತೆಗಿರಬೇಕು. ಅದು ಸೊಪ್ಪಿನಲ್ಲಿಲ್ಲ, ಹಾಲು, ಮೊಸರು, ಮೊಟ್ಟೆಯಿಂದ ಬರಬೇಕು.

ಒಗ್ಗರಣೆಯ ಬಳ್ಳೊಳ್ಳಿಗೆ ಒಂದು ಸಣ್ಣ ಬದಲಾವಣೆ ಸಾಕು: ಜಜ್ಜಿ 10 ನಿಮಿಷ ಬಿಟ್ಟು ಬಿಸಿ ಎಣ್ಣೆಗೆ ಹಾಕಿ. ಜಜ್ಜಿದಾಗ ಅಲಿನೇಸ್ ಎಂಬ ಕಿಣ್ವ ಕೆಲಸ ಶುರು ಮಾಡಿ ಗಂಧಕದ ಸಂಯುಕ್ತ ಹುಟ್ಟಿಸುತ್ತದೆ. ಕೂಡಲೇ ಬಿಸಿ ತಗುಲಿದರೆ ಕಿಣ್ವ ಸತ್ತುಹೋಗುತ್ತದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಇಡೀ ಎಸಳನ್ನು ಮೈಕ್ರೋವೇವ್‌ನಲ್ಲಿ ಒಂದೇ ನಿಮಿಷ ಬಿಸಿ ಮಾಡಿದರೂ ಡಿಎನ್‌ಎಗೆ ಸಿಗುತ್ತಿದ್ದ ರಕ್ಷಣೆ ಇಲ್ಲವಾಯಿತು, ಮೊದಲೇ ಜಜ್ಜಿ 10 ನಿಮಿಷ ಬಿಟ್ಟಾಗ ಅದು ಪೂರ್ತಿ ಹೋಗದೆ ಒಂದಷ್ಟು ಉಳಿಯಿತು. ಮೂಲಂಗಿಯ ಘಾಟಿಗೂ ಇಂಥದೇ ಕಿಣ್ವ ಬೇಕು. ರೊಟ್ಟಿಯ ಜೊತೆ ಹಸಿ ಮೂಲಂಗಿ, ಹಕ್ಕರಿಕೆ, ಉಳ್ಳಾಗಡ್ಡಿ ಕಚ್ಚುವ ನಮ್ಮ ರೂಢಿ ಬಹಳ ಒಳ್ಳೆಯದು, ಬಿಡಬೇಡಿ. ಎಲೆಕೋಸು ಬೇಯಿಸಿದ್ದರೆ ಇಳಿಸಿ ಆರಿದ ಮೇಲೆ ಅರ್ಧ ಚಮಚ ಹಸಿ ಸಾಸಿವೆ ಪುಡಿ ಕಲಸಿ. ಬೇಯುವಾಗ ಸತ್ತ ಕಿಣ್ವ ಸಾಸಿವೆಯಿಂದ ಸಿಗುತ್ತದೆ.

ಅರಿಶಿನದ ಬಗ್ಗೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಜನ ಧೂಮಪಾನಿಗಳು ದಿನಕ್ಕೆ 1.5 ಗ್ರಾಂನಂತೆ 30 ದಿನ ತೆಗೆದುಕೊಂಡಾಗ ಅವರ ಮೂತ್ರದಲ್ಲಿ ವಂಶವಾಹಿ ಕೆಡಿಸುವ ವಸ್ತುಗಳು ಗಣನೀಯವಾಗಿ ಇಳಿದವು. ಸಣ್ಣ ಅಧ್ಯಯನ, ಆದರೆ ಪ್ರಮಾಣ ನಮ್ಮ ಅಡುಗೆಯದೇ: ಸುಮಾರು ಅರ್ಧ ಚಮಚ. ಎಣ್ಣೆ ಮತ್ತು ಕರಿಮೆಣಸಿನ ಜೊತೆ ಹಾಕಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಕೊಂಬು ತಂದು ಮನೆಯಲ್ಲೇ ಕುಟ್ಟಿಸಿ. ಬಿಡಿ ಪುಡಿಗೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಬೆರೆಸುವುದುಂಟು, ಅದರಲ್ಲಿರುವ ಕ್ರೋಮಿಯಂ ತಾನೇ ಡಿಎನ್‌ಎ ಕೆಡಿಸುತ್ತದೆ.

ಇವನ್ನೆಲ್ಲ ಮಾತ್ರೆಯಲ್ಲಿ ನುಂಗಿದರಾಯಿತು ಎಂದುಕೊಳ್ಳಬೇಡಿ. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ಸೊಪ್ಪು ತರಕಾರಿಯಲ್ಲಿರುವ ಬೀಟಾ ಕ್ಯಾರೊಟೀನ್ ಎಂಬ ಪೋಷಕಾಂಶದ ಮಾತ್ರೆಯನ್ನು ದಿನಕ್ಕೆ 20 ಮಿಲಿಗ್ರಾಂನಂತೆ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿದ್ದು 1994ರಲ್ಲಿ ಬೆಳಕಿಗೆ ಬಂತು. ಕಿಮೋ ಚಿಕಿತ್ಸೆಯಲ್ಲಿರುವವರು ಅರಿಶಿನದ ಸಾರದಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು.

ಹೊಲದ ಬದುವಿನ ಸೊಪ್ಪು ತರುವವರಿಗೆ ಇನ್ನೊಂದು ಮಾತು. ಹತ್ತಿ, ಮೆಣಸಿನಕಾಯಿ ಹೊಲಕ್ಕೆ ಔಷಧಿ ಹೊಡೆದಿದ್ದರೆ ಆ ಬದುವಿನ ಹಕ್ಕರಿಕೆ, ಗೋಳಿ ಪಲ್ಲೆ ಕೀಳಬೇಡಿ. ಎಷ್ಟೇ ತೊಳೆದರೂ ಎಲೆಯೊಳಗೆ ಇಳಿದದ್ದು ಹೋಗುವುದಿಲ್ಲ. ಪಕ್ಕದ ಹೊಲದವರನ್ನು ಯಾವಾಗ ಹೊಡೆದಿರಿ, ಏನು ಹೊಡೆದಿರಿ ಎಂದು ಕೇಳಿಯೇ ಉಡಿ ತುಂಬಿಕೊಳ್ಳಿ.