ಶಿವಮೊಗ್ಗ ಕಡೆಯಿಂದ ಇಂಗ್ಲೆಂಡಿಗೆ ಬಂದವರಿಗೆ: ಕಾರಿನ ಎಂಒಟಿ ಖರ್ಚಿನ ಲೆಕ್ಕ

ಊರಲ್ಲಿ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಚಿಂತೆ ಹಳದಿ ಬೋರ್ಡಿನ ಗಾಡಿಯವರದು. ಸ್ವಂತ ಕಾರಿಗೆ 15 ವರ್ಷ ಆ ಮಾತೇ ಇಲ್ಲ, ಆಗಾಗ ಎಮಿಷನ್ ಟೆಸ್ಟ್ ಮಾಡಿಸಿದರೆ ಆಯಿತು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಿಂದ ಬಂದು ಇಲ್ಲಿ ಮೊದಲ ಸಲ ಹಳೇ ಕಾರು ಕೊಳ್ಳುವವರು ಅದೇ ಅಂದಾಜಿನಲ್ಲಿರುತ್ತಾರೆ. ಇಲ್ಲಿ ಕಾರಿಗೆ 3 ವರ್ಷ ತುಂಬಿದ ಮೇಲೆ ಪ್ರತಿ ವರ್ಷವೂ ಎಂಒಟಿ, ಅಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ಪರೀಕ್ಷೆ, ಆಗಲೇಬೇಕು. ಆಗದಿದ್ದರೆ 1,000 ಪೌಂಡ್‌ವರೆಗೆ ದಂಡ ಬೀಳಬಹುದು, ರಸ್ತೆ ತೆರಿಗೆಯನ್ನೂ ಕಟ್ಟಲಾಗುವುದಿಲ್ಲ. ಉತ್ತರ ಐರ್ಲೆಂಡಿನ ಪದ್ಧತಿ ಬೇರೆ, ಅದನ್ನು ಇಲ್ಲಿ ಸೇರಿಸಿಲ್ಲ.

ಕಾರಿಗೆ ಸರ್ಕಾರ ನಿಗದಿ ಮಾಡಿದ ಗರಿಷ್ಠ ಶುಲ್ಕ 54 ಪೌಂಡ್ 85 ಪೆನ್ಸ್, ಬೈಕಿಗೆ 29 ಪೌಂಡ್ 65 ಪೆನ್ಸ್. ಇದರ ಮೇಲೆ ವ್ಯಾಟ್ ಇಲ್ಲ. ಇದಕ್ಕಿಂತ ಕಡಿಮೆಗೆ ಮಾಡಿಕೊಡುವ ಗ್ಯಾರೇಜ್‌ಗಳು ಬೇಕಾದಷ್ಟಿವೆ. ಆದರೆ ಜೇಬಿಗೆ ಕತ್ತರಿ ಬೀಳುವುದು ಶುಲ್ಕದಿಂದಲ್ಲ, ಫೇಲ್ ಆದ ಮೇಲಿನ ರಿಪೇರಿಯಿಂದ. ಹಾಗಾಗಿ ಇಲ್ಲಿ ನೀವಿರುವ ಊರಿನ ಕೌನ್ಸಿಲ್ (ಸ್ಥಳೀಯ ಆಡಳಿತ) ನಡೆಸುವ ಎಂಒಟಿ ಕೇಂದ್ರ ಇದೆಯೇ ಎಂದು ಮೊದಲು ವಿಚಾರಿಸಿ. ಅಲ್ಲಿ ಸಾಮಾನ್ಯವಾಗಿ ಸಾರ್ವಜನಿಕರ ಕಾರುಗಳ ರಿಪೇರಿ ಮಾಡುವುದಿಲ್ಲ. ಇಲ್ಲದ ದೋಷ ಹುಡುಕಿದರೆ ಅವರಿಗೆ ಬರುವ ಲಾಭವೇನೂ ಇಲ್ಲ. ನಾಲ್ಕು ಪೌಂಡ್ ಹೆಚ್ಚಾದರೂ ನಮ್ಮ ಓಟು ಅದಕ್ಕೇ.

ಪರೀಕ್ಷೆಯ ಹಿಂದಿನ ಸಂಜೆ ಹತ್ತು ನಿಮಿಷ ಕೊಟ್ಟರೆ ಸಣ್ಣಪುಟ್ಟ ಕಾರಣಕ್ಕೆ ಫೇಲ್ ಆಗುವುದು ತಪ್ಪುತ್ತದೆ. ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಲಿ, ಇಂಡಿಕೇಟರ್ ಹಾಕಲಿ. ಇನ್ನೊಬ್ಬರು ಹೊರಗೆ ನಿಂತು ಒಂದೊಂದೇ ಬಲ್ಬ್ ನೋಡಲಿ. ಹಿಂದಿನ ನಂಬರ್ ಪ್ಲೇಟಿನ ಪುಟ್ಟ ಬಲ್ಬನ್ನು ಮರೆಯುವವರೇ ಹೆಚ್ಚು. ಗಾಜು ತೊಳೆಯುವ ನೀರಿನ ಡಬ್ಬಿ ಖಾಲಿ ಇದ್ದರೂ ಫೇಲ್! ಟಯರ್ ಅಗಲದ ನಡುವಿನ ಮುಕ್ಕಾಲು ಭಾಗದಲ್ಲಿ ಸುತ್ತಲೂ ಗ್ರಿಪ್ ಕನಿಷ್ಠ 1.6 ಮಿ.ಮೀ. ಇರಬೇಕು. 20 ಪೆನ್ಸ್ ನಾಣ್ಯವನ್ನು ಟಯರಿನ ಗೆರೆಯೊಳಗೆ ಇಳಿಸಿ, ಅದರ ಹೊರ ಅಂಚು ಮುಚ್ಚಿಹೋದರೆ ಚಿಂತೆಯಿಲ್ಲ. ಗಾಜಿನ ಮೇಲೆ ಚಾಲಕನ ಕಣ್ಣಿನ ನೇರಕ್ಕೆ, ವೈಪರ್ ಓಡುವ 290 ಮಿ.ಮೀ. ಅಗಲದ ಪಟ್ಟಿಯಲ್ಲಿ 10 ಮಿ.ಮೀ.ಗಿಂತ ದೊಡ್ಡ ಬಿರುಕು ಇರಕೂಡದು. ಉಳಿದ ಕಡೆ 40 ಮಿ.ಮೀ. ತನಕ ನಡೆಯುತ್ತದೆ. ಕನ್ನಡಿಗೆ ತೂಗುಹಾಕಿದ ಹಾರ, ಗಣಪತಿಯನ್ನು ಅವತ್ತೊಂದು ದಿನ ತೆಗೆದು ಭದ್ರವಾಗಿಡಿ. ಎಂಜಿನ್, ಎಬಿಎಸ್, ಏರ್‌ಬ್ಯಾಗ್ ದೀಪಗಳಲ್ಲಿ ಯಾವುದು ಉರಿಯುತ್ತಲೇ ಇದ್ದರೂ ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಬುಕ್ ಮಾಡಿ.

ದೊಡ್ಡ ಖರ್ಚು ಅಡಿಯಲ್ಲಿ ಕೂತಿರುತ್ತದೆ. ಮಲೆನಾಡಿನ ಮಳೆಯಲ್ಲಿ ಗಾಡಿ ತುಕ್ಕು ಹಿಡಿಯುವುದು ನಮಗೇನೂ ಹೊಸದಲ್ಲ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅದು ಇನ್ನೂ ಬೇಗ ತಿನ್ನುತ್ತದೆ. ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್, ಸೀಟ್ ಬೆಲ್ಟ್ ಕೂರುವ ಜಾಗಗಳಿಂದ 30 ಸೆಂ.ಮೀ. ಒಳಗೆ ಬಾಡಿ ತುಕ್ಕಿನಿಂದ ತೀರಾ ದುರ್ಬಲವಾಗಿದ್ದರೆ ಪಾಸಾಗುವುದಿಲ್ಲ. ಊರಿನ ಟಿಂಕರಿಂಗ್ ಶೆಡ್ಡಿನ ಹಾಗೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ಒಪ್ಪುವುದಿಲ್ಲ, ಹೊಸ ತಗಡು ಇಟ್ಟು ಸರಿಯಾಗಿ ವೆಲ್ಡ್ ಮಾಡಿಸಬೇಕು.

ಫೇಲ್ ಆದರೆ ಗಾಬರಿ ಬೀಳಬೇಡಿ. 2018ರ ಮೇ ತಿಂಗಳಿಂದ ದೋಷಗಳನ್ನು ಡೇಂಜರಸ್, ಮೇಜರ್, ಮೈನರ್ ಎಂದು ವಿಂಗಡಿಸುತ್ತಾರೆ. ಮೊದಲ ಎರಡರಲ್ಲಿ ಒಂದಿದ್ದರೂ ಫೇಲ್. ಡೇಂಜರಸ್ ಎಂದು ಬರೆದಿದ್ದರೆ ರಿಪೇರಿಯಾಗುವ ತನಕ ಕಾರು ಓಡಿಸಲೇಬೇಡಿ, ಹಳೆಯ ಎಂಒಟಿ ಅವಧಿ ಬಾಕಿಯಿದ್ದರೂ ಅಷ್ಟೇ. ಅಲ್ಲೇ ಬಿಟ್ಟು ರಿಪೇರಿ ಮಾಡಿಸಿ 10 ಕೆಲಸದ ದಿನಗಳೊಳಗೆ ಮರುಪರೀಕ್ಷೆಯಾದರೆ ಅದಕ್ಕೆ ದುಡ್ಡಿಲ್ಲ. ಹೊರಗೆ ಒಯ್ದು ಅಷ್ಟೇ ದಿನಗಳೊಳಗೆ ತಂದರೆ ಭಾಗಶಃ ಮರುಪರೀಕ್ಷೆಯ ಶುಲ್ಕ ಮಾತ್ರ. ದೀಪ, ವೈಪರ್, ಟಯರ್, ಹಾರ್ನ್‌ನಂಥವನ್ನು ಮರುದಿನದ ಕೆಲಸದ ಹೊತ್ತು ಮುಗಿಯುವುದರೊಳಗೆ ಸರಿಮಾಡಿ ಅದೇ ಕೇಂದ್ರಕ್ಕೆ ತಂದರೆ ಅದೂ ಉಚಿತ. ಈ ನಿಯಮ ಗೊತ್ತಿಲ್ಲದೆ ಒಂದು ಬಲ್ಬಿಗೆ ಪೂರ್ತಿ ಶುಲ್ಕ ಮತ್ತೆ ಕಟ್ಟಬೇಡಿ.

ಕಾರು ಕೊಳ್ಳುವ ಮುಂಚೆ ಸರ್ಕಾರಿ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಹಳೆಯ ಎಂಒಟಿಗಳನ್ನೆಲ್ಲ ಓದಿ, ಪುಕ್ಕಟೆ ಸಿಗುತ್ತದೆ. 'ಬ್ರೇಕ್ ಪೈಪಿಗೆ ತುಕ್ಕು' ಎಂಬ ಎಚ್ಚರಿಕೆ ಎರಡು ಮೂರು ವರ್ಷ ಸತತ ಬಂದಿದ್ದರೆ ಆ ಖರ್ಚು ನಿಮ್ಮ ಪಾಲಿಗೆ ಕಾದಿದೆ ಎಂದೇ ತಿಳಿಯಿರಿ, ಬೆಲೆಯಲ್ಲಿ ಇಳಿಸಿ ಕೇಳಿ. ಮೈಲೇಜ್ ಒಂದು ವರ್ಷದಿಂದ ಇನ್ನೊಂದಕ್ಕೆ ಇಳಿದಿದ್ದರೆ ಆ ಕಾರಿನ ಸಹವಾಸ ಬೇಡ. ಇನ್ನೊಂದು ಮಾತು: ಎಂಒಟಿಯಲ್ಲಿ ಕ್ಲಚ್, ಗೇರ್‌ಬಾಕ್ಸ್, ಎಂಜಿನ್ ಸ್ಥಿತಿ ನೋಡುವುದಿಲ್ಲ. 'ಹೊಸ ಎಂಒಟಿ ಇದೆ' ಎಂಬ ಜಾಹೀರಾತು ಕಂಡು ಮೆಕ್ಯಾನಿಕ್‌ಗೆ ತೋರಿಸದೆ ಹಣ ಕೊಡಬೇಡಿ.

ಅವಧಿ ಮುಗಿಯಲು ಒಂದು ತಿಂಗಳಿಗೆ ಒಂದು ದಿನ ಕಡಿಮೆ ಇರುವಾಗಿನಿಂದ ಮಾಡಿಸಿದರೂ ಮುಂದಿನ ತಾರೀಖು ಬದಲಾಗುವುದಿಲ್ಲ. ಮೇ 15ಕ್ಕೆ ಮುಗಿಯುವುದಾದರೆ ಏಪ್ರಿಲ್ 16ಕ್ಕೇ ಹೋಗಬಹುದು. ಆಗ ಫೇಲ್ ಆದರೂ ನಾಲ್ಕು ಗ್ಯಾರೇಜ್‌ಗಳಲ್ಲಿ ರೇಟು ಕೇಳಲು ಪುರಸೊತ್ತು ಸಿಗುತ್ತದೆ.